ಸಗಣಿ, ಸೂಜಿದಾರ, ಸೆಣಬು: ವಸ್ತುವಿನ ಕಡೆಯಿಂದ ಶಿಲ್ಪ ನೋಡುವುದು

ಗ್ಯಾಲರಿಗಳಲ್ಲಿ ಸಗಣಿಯಿಂದಲೋ ಕೂದಲಿನಿಂದಲೋ ಮಾಡಿದ ಕೃತಿ ಇದ್ದರೆ ಪಕ್ಕದಲ್ಲೊಂದು ಫಲಕ ಇದ್ದೇ ಇರುತ್ತದೆ. ಹೆಣ್ತನ, ಮನೆವಾಳ್ತೆ, ನಿಸರ್ಗ ಎಂಬ ಮೂರು ಮಾತಿನಲ್ಲಿ ಎರಡಾದರೂ ಅದರಲ್ಲಿ ಇರುತ್ತವೆ. ನಾವು ಫಲಕ ಓದಿ ತಲೆಯಾಡಿಸಿ ಮುಂದಿನ ಕೃತಿಗೆ ಹೋಗಿಬಿಡುತ್ತೇವೆ. ಸಗಣಿಯನ್ನು ನೋಡಿರುವುದೇ ಇಲ್ಲ. ಇವತ್ತು ಫಲಕವನ್ನು ಬದಿಗಿಟ್ಟು ವಸ್ತುವನ್ನೇ ನೋಡೋಣ. ಅದರಲ್ಲಿ ನೀರೆಷ್ಟು, ಎಲ್ಲಿ ಬಿರಿಯುತ್ತದೆ, ಎಷ್ಟು ಭಾರ ತಾಳುತ್ತದೆ, ಏನು ಬಂದು ತಿನ್ನುತ್ತದೆ ಎಂದು ಕೇಳೋಣ. ಸಂಕೇತದ ಮಾತು ಆಮೇಲೆ ತಾನಾಗಿ ಬಂದರೆ ಬರಲಿ.

ಮುಖ್ಯವಾಗಿ ಇಬ್ಬರ ಕೆಲಸ ತೆಗೆದುಕೊಳ್ಳುತ್ತೇವೆ. ಒಬ್ಬರು 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ. ಇನ್ನೊಬ್ಬರು 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ದೆಹಲಿಯಲ್ಲಿ ಕೆಲಸ ಮಾಡಿ, 2015ರಲ್ಲಿ ತೀರಿಕೊಂಡ ಮೃಣಾಲಿನಿ ಮುಖರ್ಜಿ. ಇಬ್ಬರೂ ಕಲಿತದ್ದು ಚಿತ್ರಕಲೆ. ಶೀಲಾ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತರು. ಮೃಣಾಲಿನಿ ಬರೋಡದಲ್ಲಿ, ಕಲಾವಿದ ಕೆ.ಜಿ. ಸುಬ್ರಮಣ್ಯನ್ ಕೈಕೆಳಗೆ. ಶಿಲ್ಪವಿಭಾಗದಲ್ಲಿ ಕಲಿತವರಿಗೆ ಮೊದಲ ವರ್ಷದಿಂದಲೇ ಕಲ್ಲು, ಮರ, ಲೋಹ ಎಂಬ ಮೇಲು-ಕೀಳಿನ ಸಾಲು ತಲೆಯೊಳಗೆ ಕೂರುತ್ತದೆ. ಇವರಿಗೆ ಆ ಸಾಲಿನ ಹಂಗು ಇರಲಿಲ್ಲ. ಅದು ಅನುಕೂಲವೇ ಆಯಿತು.

ಮೊದಲು ಸಗಣಿ. ಹಸಿ ಸಗಣಿಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 80 ಭಾಗ ನೀರು. 10 ಕೆ.ಜಿ. ತಂದರೆ ಒಣಗಿದ ಮೇಲೆ ಉಳಿಯುವುದು ಎರಡು ಕೆ.ಜಿ. ಚಿಲ್ಲರೆ. ಇಷ್ಟು ನೀರು ಹೊರಹೋಗುವಾಗ ಮುದ್ದೆ ಕುಗ್ಗದೆ ಇರುವುದಿಲ್ಲ, ಕುಗ್ಗುವುದೂ ಒಂದೇ ಸಮ ಅಲ್ಲ. ಅಂಚು ಮೊದಲು ಒಣಗಿ ಬಿಗಿಯಾಗುತ್ತದೆ, ನಡುಭಾಗ ಇನ್ನೂ ಹಸಿ. ಆಮೇಲೆ ನಡು ಕುಗ್ಗಲು ಹೊರಟಾಗ ಬಿಗಿದ ಅಂಚು ಬಿಡುವುದಿಲ್ಲ, ಅಲ್ಲಿ ಬಿರುಕು ಬೀಳುತ್ತದೆ. ಬೆರಣಿ ತಟ್ಟುವವರಿಗೆ, ಉತ್ತರ ಕರ್ನಾಟಕದ ಮಾತಿನಲ್ಲಿ ಕುಳ್ಳು ಬಡಿಯುವವರಿಗೆ, ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಟ್ಟು, ಹುಲ್ಲಿನ ಚೂರು ಸೇರಿಸಿ ನಾದುತ್ತಾರೆ. ನಾರು ಬಿರುಕನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಅಂಗುಲಕ್ಕಿಂತ ಹೆಚ್ಚು ದಪ್ಪ ತಟ್ಟುವುದಿಲ್ಲ. ಮೇಲ್ಮೈ ಒಣಗಿದೊಡನೆ ಎಬ್ಬಿಸಿ, ಎರಡೆರಡನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಾರೆ, ಅಡಿಭಾಗಕ್ಕೂ ಗಾಳಿಯಾಡಲಿ ಎಂದು. ಬೆರಣಿಯ ಮೇಲೆ ಮೂಡುವ ಐದು ಬೆರಳಿನ ಅಚ್ಚು ನೋಡಲು ಚೆಂದ, ಆದರೆ ಅದು ಚೆಂದಕ್ಕೆ ಹಾಕಿದ್ದಲ್ಲ. ಗೋಡೆಗೆ ಅದುಮಿ ಅಂಟಿಸಿದ ಗುರುತು ಅದು.

ಶಿಲ್ಪಕ್ಕೆ ಬೇಕಾದದ್ದು ಉರುವಲಲ್ಲ, ಗಟ್ಟಿ ಇಟ್ಟಿಗೆ. ತೊಡಕು ಇಲ್ಲಿಂದ ಶುರು. ಐದಾರು ಸೆಂಟಿಮೀಟರ್ ದಪ್ಪದ ಇಟ್ಟಿಗೆ ಬಿಸಿಲಿನಲ್ಲಿಟ್ಟರೆ ಎರಡೇ ದಿನಕ್ಕೆ ಹೊರಗೆ ಗಟ್ಟಿ, ಒಳಗೆ ಕೆಸರು. ಅದನ್ನು ನೆರಳಿನಲ್ಲಿಟ್ಟು, ದಿನಕ್ಕೊಮ್ಮೆ ಮಗ್ಗುಲು ಬದಲಿಸುತ್ತಾ ವಾರಗಟ್ಟಲೆ ಕಾಯಬೇಕು. ಒಣಗಿತೋ ಇಲ್ಲವೋ ನೋಡಲು ಕಣ್ಣನ್ನು ನಂಬಬೇಡಿ, ತಕ್ಕಡಿ ನಂಬಿ. ಒಂದು ಇಟ್ಟಿಗೆಯ ತೂಕ ಮೂರು ದಿನ ಸತತವಾಗಿ ಇಳಿಯದಿದ್ದರೆ ಒಣಗಿದೆ ಎಂದರ್ಥ. ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು, ಆತುರಕ್ಕೆ ಬಿದ್ದು ಮೇಲೆ ವಾರ್ನಿಷ್ಷೋ ಫೆವಿಕಾಲೋ ಬಳಿದುಬಿಡುವುದು. ಒಳಗಿನ ನೀರಿಗೆ ದಾರಿ ಕಟ್ಟಿ, ತಿಂಗಳೊಪ್ಪತ್ತಿನಲ್ಲಿ ಒಳಗಿಂದ ಬೂಷ್ಟು ಹಿಡಿದು ಪದರ ಎದ್ದು ಬರುತ್ತದೆ. ಬೇವಿನೆಣ್ಣೆ ಬೆರೆಸಿದರೆ ಹುಳುವಿನ ಕಾಟ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಂಗ್ರಹಾಲಯಗಳು ಹುಳು ಸಾಯಿಸಲು ಇಂಥ ವಸ್ತುವನ್ನು ಬಿಗಿಯಾಗಿ ಪ್ಲಾಸ್ಟಿಕ್ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಒಂದೆರಡು ವಾರ ಇಡುವುದುಂಟು. ಚೆನ್ನಾಗಿ ಒಣಗಿದ್ದಕ್ಕೆ ಮಾತ್ರ ಇದು ನಡೆಯುತ್ತದೆ. ಹಸಿ ಉಳಿದಿದ್ದರೆ ಒಳಗೆ ಮಂಜುಗಟ್ಟಿ ಸೀಳುತ್ತದೆ.

ಶೀಲಾ ಗೌಡ ಎಣ್ಣೆಬಣ್ಣ ಬಿಟ್ಟು ಸಗಣಿಗೆ ಬಂದದ್ದು 1990ರ ದಶಕದ ಆರಂಭದಲ್ಲಿ, ಬಾಬ್ರಿ ಮಸೀದಿ ಧ್ವಂಸದ ಸುತ್ತಿನ ಹಿಂಸೆಯ ದಿನಗಳಲ್ಲಿ. ಮೊದಲು ಕಾಗದದ ಮೇಲೆ ಬಣ್ಣದಂತೆ ಬಳಸಿದರು, ಆಮೇಲೆ ಮುದ್ದೆ, ಇಟ್ಟಿಗೆ. 1996ರ ‘ಮಾರ್ಟರ್ ಲೈನ್’ನಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಸಾಲಾಗಿ ಕೂತಿವೆ, ನಡುವೆ ಕುಂಕುಮದ ಕೆಂಪು. ಗಾರೆ ಇರಬೇಕಾದಲ್ಲಿ ಕುಂಕುಮ. ಸಗಣಿ ಎಂದರೆ ಪವಿತ್ರ ಎಂದು ಒಬ್ಬರು, ಹೆಂಗಸರ ದುಡಿಮೆ ಎಂದು ಇನ್ನೊಬ್ಬರು ಬರೆಯುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಆ ಇಟ್ಟಿಗೆಯ ಅಂಚು ನೋಡಿ, ಅಚ್ಚಿನಿಂದ ಇಳಿಸಿದ ಸುಟ್ಟ ಇಟ್ಟಿಗೆಯ ನೇರ ಅಂಚಲ್ಲ ಅದು. ಕುಗ್ಗಿ, ಸ್ವಲ್ಪ ಸೊಟ್ಟಗಾಗಿ, ತನ್ನ ಒಣಗುವಿಕೆಯ ಲೆಕ್ಕವನ್ನೆಲ್ಲ ತೋರಿಸುತ್ತಾ ಕೂತಿದೆ. ಹಾಗೆ ಬಿಟ್ಟದ್ದು ನಿರ್ಧಾರ. ಸಿಮೆಂಟು ಬೆರೆಸಿ ನೇರ ಮಾಡಲು ಯಾರಿಗೂ ಕಷ್ಟವಿರಲಿಲ್ಲ.

ಈಗ ಸೂಜಿದಾರ. 1998ರಲ್ಲಿ ಶುರುವಾದ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’, ಅಂದರೆ ‘ಮತ್ತು ಅವನಿಗೆ ನನ್ನ ನೋವು ಹೇಳು’. ದೂರದಿಂದ ನೋಡಿದರೆ ಗೋಡೆ ಮೇಲೆ, ನೆಲದ ಮೇಲೆ ಸುರುಳಿ ಸುರುಳಿಯಾಗಿ ಹರಿದ ಕೆಂಪು ಹಗ್ಗ, ಕರುಳಿನ ಹಾಗೆ, ಹೊಕ್ಕುಳಬಳ್ಳಿಯ ಹಾಗೆ. ತುದಿಗೆ ಹೋದರೆ ಗೊಂಚಲು ಗೊಂಚಲು ಸೂಜಿಗಳು ನೇತಾಡುತ್ತಿವೆ. ಮಾಡಿದ ಕ್ರಮ ಹೀಗೆ: ಒಂದು ಉದ್ದನೆಯ ದಾರವನ್ನು ಸೂಜಿಗೆ ಪೋಣಿಸಿ, ದಾರದ ಸರಿ ನಡುವಿಗೆ ಸೂಜಿ ಬರುವ ತನಕ ಎಳೆಯುವುದು. ಆಗ ದಾರ ಇಮ್ಮಡಿಯಾಗುತ್ತದೆ, ಒಂದು ತುದಿಯಲ್ಲಿ ಸೂಜಿ. ಇಂಥ ಎಷ್ಟೋ ಎಳೆಗಳನ್ನು ಒಟ್ಟು ಹಿಡಿದು, ಅಂಟು ಮತ್ತು ಕುಂಕುಮ ಸವರಿ, ಒಂದೇ ಹಗ್ಗ ಮಾಡುವುದು.

ಕೇಳಲು ಸರಳ. ಲೆಕ್ಕ ಹಾಕಿ ನೋಡಿ. ಸಿದ್ಧವಾದ ಹಗ್ಗ 100 ಮೀಟರ್ ಬೇಕೆಂದರೆ ಒಂದೊಂದು ದಾರವೂ 200 ಮೀಟರ್, ಅದರಲ್ಲಿ 100 ಮೀಟರ್ ಸೂಜಿಯ ಕಣ್ಣಿನಲ್ಲಿ ಹಾದುಬರಬೇಕು. 50 ಸೂಜಿ ಎಂದುಕೊಂಡರೂ ಐದು ಕಿಲೋಮೀಟರ್ ದಾರ ಸೂಜಿಯ ಕಣ್ಣಿಗೆ ಉಜ್ಜುತ್ತದೆ. ಹತ್ತಿ ದಾರ ಅಷ್ಟು ದೂರ ಉಜ್ಜಿದರೆ ನಾರು ಎದ್ದು, ಕೊನೆಗೆ ಅಲ್ಲೇ ತುಂಡಾಗುತ್ತದೆ. ಉಂಡೆಯ ಒಳಗೆ ಎಲ್ಲಾದರೂ ಗಂಟಿದ್ದರೆ ಕಣ್ಣಿನಲ್ಲಿ ದಾಟುವುದಿಲ್ಲ, ಆ ಎಳೆ ಪೂರಾ ವ್ಯರ್ಥ. ಎಳೆದದ್ದನ್ನು ನೆಲಕ್ಕೆ ಬಿಟ್ಟರೆ ಸಿಕ್ಕು. ಉದ್ದನೆಯ ಕೋಣೆಯಲ್ಲೋ ಅಂಗಳದಲ್ಲೋ ಎರಡು ಗೂಟ ನೆಟ್ಟು ಹೋಗಿಬಂದು ಹಾಸಬೇಕು, ಮಗ್ಗಕ್ಕೆ ಹಾಸು ಹಾಕುವವರಂತೆ. ಇನ್ನು ಅಂಟು: ತೆಳ್ಳಗಾದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ, ದಪ್ಪವಾದರೆ ಹಗ್ಗ ಕೋಲಿನಂತೆ ಸೆಟೆದು, ಬಾಗಿಸಿದಲ್ಲಿ ಸೀಳಿ ಕುಂಕುಮ ಉದುರುತ್ತದೆ. ಹೊಲಿಯಲು ಹೊರಟವರು ದಾರ ಪೋಣಿಸಿ ಒಂದು ಮೊಳ ಎಳೆದು ಸಾಕು ಮಾಡುತ್ತಾರೆ. ಇಲ್ಲಿ ಹೊಲಿಗೆ ಒಂದೂ ಇಲ್ಲ. ಹೊಲಿಗೆಗೆ ಮುಂಚಿನ ಆ ಒಂದು ಚಲನೆಯನ್ನೇ ಕಿಲೋಮೀಟರುಗಟ್ಟಲೆ ಎಳೆದದ್ದು. ಶೀರ್ಷಿಕೆಯ ನೋವು ಎಲ್ಲಿಂದ ಬಂತು ಎಂದು ಬೇರೆ ಹುಡುಕಬೇಕಾಗಿಲ್ಲ.

ಕುಂಕುಮದ ಬಗ್ಗೆ ಒಂದು ಎಚ್ಚರಿಕೆ. ಅರಿಸಿನಕ್ಕೆ ಸುಣ್ಣ ಬೆರೆಸಿದ ಕೆಂಪು ಕ್ಷಾರದಿಂದ ಬಂದ ಕೆಂಪು, ಒಂದು ಹನಿ ನಿಂಬೆರಸ ಬಿದ್ದರೆ ಮರಳಿ ಹಳದಿ. ಬೆಳಕಿಗೂ ಬೇಗ ಮಾಸುತ್ತದೆ. ಅಂಗಡಿಯ ಅಗ್ಗದ ಕುಂಕುಮದಲ್ಲಿ ಹೆಚ್ಚಾಗಿ ಇರುವುದು ಕೃತಕ ಬಣ್ಣ. ಅದು ಹಳದಿಯಾಗುವುದಿಲ್ಲ, ಆದರೆ ತೇವಕ್ಕೆ ಬಿಟ್ಟು ಗೋಡೆಗೆ ಹತ್ತುತ್ತದೆ. ಯಾವುದನ್ನು ಬಳಸುತ್ತೀರೋ ಮೊದಲು ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ, ಅರ್ಧ ಮುಚ್ಚಿ, ತಿಂಗಳು ಕಿಟಕಿಯಲ್ಲಿಟ್ಟು ನೋಡಿ.

ಕೂದಲ ಹಗ್ಗ ಬಳಸಿದ ‘ಬಿಹೋಲ್ಡ್’ 2009ರದ್ದು. ಆ ವರ್ಷದ ವೆನಿಸ್ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳದಲ್ಲಿ ತೋರಿಸಿದ್ದು, ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. ಸುಮಾರು ನಾಲ್ಕು ಕಿಲೋಮೀಟರ್ ಕೂದಲ ಹಗ್ಗ, 20ರಷ್ಟು ಕಾರಿನ ಬಂಪರು. ಬೆಂಗಳೂರಿನಲ್ಲಿ ಗಾಡಿಯ ಬಂಪರಿಗೆ ದೃಷ್ಟಿ ತಾಕದಿರಲೆಂದು ಕೂದಲ ಹಗ್ಗ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಹಗ್ಗ ಬರುವುದು ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಿಂದ. ಉದ್ದ ಕೂದಲು ವಿಗ್ಗಿಗೆ ಹೋಗುತ್ತದೆ, ಗಿಡ್ಡದ್ದು ಹಗ್ಗಕ್ಕೆ. ಗಿಡ್ಡ ಕೂದಲು ಹಗ್ಗವಾಗಿ ನಿಲ್ಲುವುದಾದರೂ ಹೇಗೆ? ಕೂದಲ ಮೇಲೆ ಮಂಗಳೂರು ಹೆಂಚು ಹೊದಿಸಿದಂತೆ ಕಣ್ಣಿಗೆ ಕಾಣದ ಪದರಗಳು ಬುಡದಿಂದ ತುದಿಯ ಕಡೆಗೆ ಬಾಗಿವೆ. ಬುಡ-ತುದಿ ಒಂದೇ ದಿಕ್ಕಿಗಿದ್ದರೆ ಜಾರುತ್ತದೆ. ಕಲಸಿಹೋದ ಕೂದಲಿನಲ್ಲಿ ಪದರಗಳು ಎದುರುಬದುರಾಗಿ ಕಚ್ಚಿಕೊಳ್ಳುತ್ತವೆ. ಚೌರಿ ಮಾಡುವವರಿಗೆ ದೋಷವಾದ ಈ ಸಿಕ್ಕೇ ಹಗ್ಗಕ್ಕೆ ಬಲ. ಕೂದಲಿಗೆ ವೈರಿ ಎಂದರೆ ಉಣ್ಣೆ ತಿನ್ನುವ ನುಸಿ. ಉಣ್ಣೆ, ಕೂದಲು ಎರಡೂ ಅದಕ್ಕೆ ಒಂದೇ ಊಟ.

ಈ ಕೃತಿಯಲ್ಲಿ ಹಗ್ಗ ಬಂಪರನ್ನು ಎತ್ತಿ ಹಿಡಿದಿದೆ. ರಸ್ತೆಯಲ್ಲಿ ಬಂಪರಿಗೆ ಜೋತುಬಿದ್ದದ್ದು ಇಲ್ಲಿ ಬಂಪರನ್ನೇ ಹೊತ್ತು ನಿಂತಿದೆ. ಅದನ್ನು ಹೆಣ್ಣಿನ ರೂಪಕ ಎಂದು ಓದಲೇಬೇಕೆಂದಿಲ್ಲ. ಮುಡಿ ಕೊಡುವವರಲ್ಲಿ ಗಂಡಸರೂ ಇದ್ದಾರೆ, ಮಕ್ಕಳೂ ಇದ್ದಾರೆ.

ಮೃಣಾಲಿನಿ ಮುಖರ್ಜಿಯವರ ಕಡೆಗೆ ಬರೋಣ. 1970ರ ದಶಕದ ಆರಂಭದಿಂದ ಸುಮಾರು ಕಾಲು ಶತಮಾನ ಅವರು ಮಾಡಿದ್ದು ಹಗ್ಗದ ಗಂಟು. ಕೃತಿಗಳ ವಿವರದಲ್ಲಿ ‘ಹೆಂಪ್’ ಎಂದಿರುತ್ತದೆ. ಕನ್ನಡದಲ್ಲಿ ಸೆಣಬು ಎಂದರೆ ಗೋಣಿಚೀಲದ ಜೂಟೂ ನೆನಪಾಗುತ್ತದೆ. ಎರಡೂ ಕಾಂಡದ ನಾರೇ, ಆದರೆ ಜೂಟು ಬೇಗ ಮುರುಟಿ ಪುಡಿಯಾಗುತ್ತದೆ, ಹೆಂಪು ಗಟ್ಟಿ, ಒರಟು. ಬಹುಕಾಲ ನಿಲ್ಲಬೇಕಾದ ಕೃತಿಗೆ ಜೂಟು ಕೊಂಡುತರಬೇಡಿ.

ಗಂಟಿನ ಮೂಲಪಾಠ ನಾಲ್ಕು ಎಳೆಯದ್ದು. ನಡುವಿನ ಎರಡು ಸುಮ್ಮನೆ ನಿಲ್ಲುತ್ತವೆ, ಹೊರಗಿನ ಎರಡು ಕಟ್ಟುತ್ತವೆ. ಎಡದ ಎಳೆಯನ್ನು ನಡುವಿನ ಎರಡರ ಮೇಲೆ ಹಾಯಿಸಿ, ಬಲದ್ದನ್ನು ಅದರ ಮೇಲೆ ತಂದು, ನಡುವಿನವುಗಳ ಹಿಂದಿನಿಂದ ತಂದು, ಎಡದ ಕುಣಿಕೆಯಿಂದ ಹೊರಗೆಳೆದರೆ ಅರ್ಧ ಗಂಟು. ಅದನ್ನೇ ಬಲದಿಂದ ಶುರುಮಾಡಿ ಇನ್ನೊಮ್ಮೆ ಹಾಕಿದರೆ ಪೂರ್ಣ, ಚಪ್ಪಟೆಯಾಗಿ ಕೂರುತ್ತದೆ. ಬಲದ್ದನ್ನು ಮರೆತು ಎಡದಿಂದಲೇ ಹಾಕುತ್ತಾ ಹೋದರೆ ಪಟ್ಟಿ ತನ್ನಷ್ಟಕ್ಕೇ ತಿರುಚಿಕೊಳ್ಳುತ್ತದೆ. ಹೊಸಬರಿಗೆ ಇದು ತಪ್ಪು. ಗೊತ್ತಿದ್ದವರಿಗೆ ಬಳ್ಳಿ, ಸೊಂಡಿಲು, ದಳದ ಅಂಚು ತಿರುಗಿಸುವ ಉಪಾಯ. ಎಳೆ ಸೇರಿಸಿದರೆ ಮೈ ಹರಡುತ್ತದೆ, ಬಿಟ್ಟರೆ ಸೊಂಟದಂತೆ ಕಿರಿದಾಗುತ್ತದೆ. ಗಂಟಿನ ಬಿಗಿ ಬದಲಿಸಿದರೆ ಬಟ್ಟಲಿನಂತೆ ಉಬ್ಬುತ್ತದೆ. ಅಚ್ಚಿಲ್ಲದೆ, ಕತ್ತರಿಯಿಲ್ಲದೆ ಮೈ ಮೂಡುವುದು ಹೀಗೆ.

ಹಗ್ಗ ಎಷ್ಟು ಬೇಕು? ಒತ್ತಾದ ಗಂಟಿಗೆ ಸಿದ್ಧ ಉದ್ದದ ನಾಲ್ಕೈದು ಪಟ್ಟು. ಎರಡು ಮೀಟರ್ ಎತ್ತರದ, 200 ಎಳೆಯ ಕೃತಿಗೆ ಐದು ಪಟ್ಟು ಹಿಡಿದರೆ 2000 ಮೀಟರ್, ಅದೂ ಒಂದೇ ಪದರಕ್ಕೆ. ಮೃಣಾಲಿನಿಯವರ ಕೃತಿಗಳಲ್ಲಿ ಪದರದೊಳಗೆ ಪದರ. ಬಣ್ಣ ಹಾಕುವ ಮೊದಲು ಹಗ್ಗವನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು, ಇಲ್ಲವಾದರೆ ಬಣ್ಣ ಮಚ್ಚೆ ಮಚ್ಚೆ. ಬಿಗಿಯಾಗಿ ಹೊಸೆದ ಹಗ್ಗದ ಹೃದಯಕ್ಕೆ ಬಣ್ಣ ಇಳಿಯುವುದೇ ಇಲ್ಲ, ಬಾಗಿಸಿದಾಗ ಒಳಗಿನ ಕಂದು ಇಣುಕುತ್ತದೆ. ಬಣ್ಣ ಹಾಕುವುದೇನಿದ್ದರೂ ಗಂಟಿಗೆ ಮುಂಚೆ. ಗಂಟಾದ ಮೇಲೆ ಅದ್ದಿದರೆ ಒದ್ದೆ ಹಗ್ಗ ಬಿಗಿದು ಆಕಾರವೇ ಎಳೆದುಕೊಳ್ಳುತ್ತದೆ.

ಅವರು ಕರಡು ಚಿತ್ರ ಬರೆಯುತ್ತಿರಲಿಲ್ಲ, ಚಿಕ್ಕ ಮಾದರಿಯನ್ನೂ ಮಾಡುತ್ತಿರಲಿಲ್ಲ. ಗಂಟು ಹಾಕುತ್ತಾ ಹೋದಂತೆ ಆಕಾರ ತೀರ್ಮಾನವಾಗುತ್ತಿತ್ತು. ಇದನ್ನು ‘ಸಹಜ ಸ್ಫೂರ್ತಿ’ ಎಂದು ಬಿಟ್ಟುಬಿಡುವುದು ಸುಲಭ. ಆದರೆ 40ನೇ ಸಾಲಿನಲ್ಲಿ ಆದ ತಪ್ಪು 200ನೇ ಸಾಲಿನಲ್ಲಿ ಕಣ್ಣಿಗೆ ಬಿದ್ದರೆ 160 ಸಾಲು ಬಿಚ್ಚಬೇಕು, ಬಿಚ್ಚಿದ ಹಗ್ಗ ಮೊದಲಿನ ಮುರಿತ ಮರೆಯುವುದಿಲ್ಲ. ಕರಡಿಲ್ಲದೆ ಈ ಕೆಲಸ ಮಾಡಬೇಕಾದರೆ ಮುಂದಿನ ನೂರು ಸಾಲು ಬೆರಳಿಗೆ ಗೊತ್ತಿರಬೇಕು. ಮೇಲಾಗಿ ಗುರುತ್ವ ಬಿಡುವುದಿಲ್ಲ. ಗಂಟುಗಳು ತಿಂಗಳುಗಟ್ಟಲೆ ಕೆಳಕ್ಕೆ ಕೂರುತ್ತಾ ಹೋಗುತ್ತವೆ, ತಲೆಭಾಗ ಬಾಗುತ್ತದೆ. ಅದಕ್ಕೇ ಒಳಗೆ ಲೋಹದ ಚೌಕಟ್ಟು. ಕಬ್ಬಿಣವಾದರೆ ತುಕ್ಕಿನ ಕಲೆ ಹಗ್ಗಕ್ಕಿಳಿಯುತ್ತದೆ, ಬಣ್ಣ ಬಳಿದು ಬಟ್ಟೆ ಸುತ್ತದೆ ಬಳಸಬೇಡಿ. ತೋರಿಸುವಾಗ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರುವುದು ಒಳ್ಳೆಯದು. ಬಣ್ಣ ಹಾಕಿದ ನಾರಿಗೆ ಸಂಗ್ರಹಾಲಯಗಳು ಇಟ್ಟುಕೊಂಡ ಮಿತಿ ಅದು.

‘ಯಕ್ಷಿ’ (1984), ‘ವನಶ್ರೀ’ (1994) ಇಂಥವನ್ನು ಎದುರಿನಿಂದ ನೋಡಿದರೆ ಗರ್ಭಗುಡಿಯ ಮೂರ್ತಿಯ ಗಾಂಭೀರ್ಯ. ಹತ್ತಿರ ಹೋದರೆ ಮಡಿಕೆಗಳು. ಬಾಳೆಹೂವಿನ ಪದರ ಸುಲಿದಂತೆ, ಯೋನಿಯಂತೆ, ಹೆಡೆಯಂತೆ. ಯಾವುದೋ ಒಂದು ಎಂದು ನಿಲ್ಲುವುದಿಲ್ಲ. ಮ್ಯಾಕ್ರಮೆ, ಅಂದರೆ ಹಗ್ಗದ ಈ ಗಂಟಿನ ಕೆಲಸ, ಹೂಕುಂಡ ತೂಗುಹಾಕುವ ಹೆಂಗಸರ ಹವ್ಯಾಸ ಎಂಬ ತಾತ್ಸಾರ ಬಹುಕಾಲ ಇತ್ತು, ಇವರನ್ನು ‘ಕರಕುಶಲ’ದ ಖಾನೆಗೆ ದೂಡಿದವರೂ ಇದ್ದರು. 2015ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಹಿನ್ನೋಟ ಪ್ರದರ್ಶನ ತೆರೆಯಿತು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನ ಮೆಟ್ ಬ್ರೂಯರ್ ಕಲಾಸಂಗ್ರಹಾಲಯದ ಪ್ರದರ್ಶನ 2019ರಲ್ಲಿ ಬಂತು.

1990ರ ದಶಕದ ಮಧ್ಯದಲ್ಲಿ ಅವರು ಸೆರಾಮಿಕ್ಕಿಗೆ ಹೋದರು, 2000ದ ನಂತರ ಕಂಚಿಗೆ. ಕೊನೆಯ ಕಂಚಿನ ಕೃತಿಗಳಲ್ಲಿ ತಾಳೆಯ ಗರಿ, ತೊಟ್ಟು, ಒಡೆದ ಹೊದಿಕೆ. ಮೇಣದಲ್ಲಿ ರೂಪಿಸಿ, ಮೇಣ ಕರಗಿಸಿ ಎರಕ ಹೊಯ್ಯುವ ವಿಧಾನ ಅದು. ನಮ್ಮ ನೆಲಕ್ಕೆ ಹಳೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ ಮೇಣದ ತೂಕದ ಮೇಲೆ ಲೋಹದ ತೂಕ ಹೇಳುತ್ತದೆ: ಬೆಳ್ಳಿಗೆ 12 ಪಟ್ಟು, ಚಿನ್ನಕ್ಕೆ 16. ಇವತ್ತು ಕಂಚಿಗೆ ಒಂಬತ್ತೂವರೆಯಿಂದ ಹತ್ತು ಪಟ್ಟು ಹಿಡಿಯಿರಿ, ಲೋಹ ಹರಿಯುವ ಕಾಲುವೆಗಳ ಮೇಣವನ್ನೂ ತೂಕಕ್ಕೆ ಸೇರಿಸಿ.

ಎಲೆಯನ್ನು ಎರಕ ಹೊಯ್ಯುವಾಗ ಕೆಡುವುದು ಮೂರು ಕಡೆ. ಎಲೆ ತೀರ ತೆಳು, ಮಿಲಿಮೀಟರಿಗಿಂತ ತೆಳುವಾದ ಸಂದಿನಲ್ಲಿ ಕಂಚು ಅರ್ಧಕ್ಕೇ ಹೆಪ್ಪುಗಟ್ಟುತ್ತದೆ. ಹಿಂಭಾಗಕ್ಕೆ ಮೇಣ ಬಳಿದು ಮೂರು ಮಿಲಿಮೀಟರ್‌ವರೆಗೆ ದಪ್ಪ ಮಾಡಿಕೊಳ್ಳಬೇಕು. ನಿಜವಾದ ಎಲೆಯನ್ನೇ ಒಳಗಿಟ್ಟರೆ ಅದು ಸುಟ್ಟ ಬೂದಿ ಅಚ್ಚಿನಲ್ಲೇ ಉಳಿದು, ಎರಕದ ಮೈಮೇಲೆ ತೂತು. ಮೂರನೆಯದು ಅಪಾಯದ್ದು, ಅಚ್ಚಿನಲ್ಲಿ ಉಳಿದ ತೇವ. 1100 ಡಿಗ್ರಿಯ ಲೋಹ ಬಿದ್ದೊಡನೆ ಅದು ಆವಿಯಾಗಿ ಸಿಡಿಯುತ್ತದೆ. ಅಚ್ಚಿನ ಮೊದಲ ಲೇಪಕ್ಕೆ ಸೋಸಿದ ನಯವಾದ ಮಣ್ಣು, ಸಗಣಿ, ಸುಟ್ಟ ಹೊಟ್ಟಿನ ಪುಡಿ. ಸಗಣಿಯ ನಾರು ಸುಟ್ಟು ಉಳಿಯುವ ಸಣ್ಣ ಸಂದುಗಳಿಂದಲೇ ಗಾಳಿ ಹೊರಹೋಗುವುದು. ಬೆರಣಿ ತಟ್ಟುವ ಕೈ ಎರಕದ ಕುಲುಮೆಯಲ್ಲೂ ಬೇಕಾಗುತ್ತದೆ.

ಬೆಂಗಳೂರಿನ ಪುಷ್ಪಮಾಲಾ ಎನ್. ಅವರನ್ನೂ ಹೆಸರಿಸಬೇಕು. ಈಗ ಛಾಯಾಚಿತ್ರ-ಅಭಿನಯಕ್ಕೆ ಹೆಸರಾದ ಅವರು 1980ರ ದಶಕದಲ್ಲಿ ಟೆರಾಕೋಟಾದಲ್ಲಿ, ಅಂದರೆ ಸುಟ್ಟ ಮಣ್ಣಿನಲ್ಲಿ, ಹೆಣ್ಣಿನ ಆಕೃತಿಗಳನ್ನು ಮಾಡಿದ ಶಿಲ್ಪಿ. ಆ ಮಾಧ್ಯಮದ ನಿಯಮ ನಿಮಗೆ ಗೊತ್ತಿರುವುದೇ: ಒಳಗೆ ಟೊಳ್ಳು, ಗೋಡೆ ಎಲ್ಲ ಕಡೆ ಒಂದೇ ದಪ್ಪ, ಗಾಳಿಗೊಂದು ತೂತು.

ಕೊನೆಗೆ ಒರಳುಕಲ್ಲು. 2012ರ ಮೊದಲ ಕೊಚ್ಚಿ-ಮುಝಿರಿಸ್ ಬಿಯೆನಾಲೆಯಲ್ಲಿ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಮಾಡಿದ ‘ಸ್ಟಾಪ್‌ಓವರ್’. ಬೆಂಗಳೂರಿನ ಬೀದಿಗಳಿಂದ ತಂದ ನೂರಕ್ಕೂ ಹೆಚ್ಚು ಒರಳುಕಲ್ಲುಗಳು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಇವು ಅಡುಗೆಮನೆಯಿಂದ ಹೊರಬಿದ್ದವು. ಒಡೆಯಲು ಮನಸ್ಸು ಬಾರದು, ಮಾರಿದರೆ ಕೊಳ್ಳುವವರಿಲ್ಲ. ಫುಟ್‌ಪಾತಿನಲ್ಲಿ, ಮರದ ಬುಡದಲ್ಲಿ ಕೂತವು. ತೂಕ ನೋಡಿ: 40 ಸೆಂಟಿಮೀಟರ್ ಚೌಕ, 30 ಎತ್ತರದ ಗ್ರಾನೈಟ್ ತುಂಡು 130 ಕೆ.ಜಿ. ಹತ್ತಿರ, ಗುಂಡಿ ಕಳೆದರೂ ನೂರು ದಾಟುತ್ತದೆ. ಇಬ್ಬರು ಎತ್ತಲಾರರು. ಮಗುಚಿ ಮಗುಚಿ ಉರುಳಿಸಬೇಕು, ಹಲಗೆ ಹಾಕಿ ಲಾರಿಗೆ ಏರಿಸಬೇಕು. ಮನೆಯಲ್ಲಿ ಒಮ್ಮೆ ಕೂತರೆ ಎರಡು ತಲೆಮಾರು ಕದಲದಿದ್ದ ವಸ್ತು ಅದು.

ಈ ಕಲ್ಲುಗಳ ಮುಂದೆ ಬಗ್ಗಿ ಗುಂಡಿಯೊಳಗೆ ಬೆರಳಾಡಿಸಿದರೆ ಮೇಲಂಚಿನಲ್ಲಿ ಉಳಿಯ ಪೆಟ್ಟು ಇನ್ನೂ ಒರಟಾಗಿ ಸಿಗುತ್ತದೆ, ಗುಂಡುಕಲ್ಲು ಅಲ್ಲಿಗೆ ತಾಗುವುದಿಲ್ಲ. ನಾಲ್ಕು ಬೆರಳು ಕೆಳಗಿಳಿದರೆ ಕಲ್ಲು ಗಾಜಿನಂತೆ ನುಣುಪು. ಅಷ್ಟು ನುಣುಪಾದರೆ ಅಕ್ಕಿ ಜಾರುತ್ತದೆ, ಹಿಟ್ಟು ನುರಿಯುವುದಿಲ್ಲ, ಕಲ್ಲುಕುಟ್ಟುವವರನ್ನು ಕರೆಸಿ ಮತ್ತೆ ಉಳಿ ಹಾಕಿಸುತ್ತಿದ್ದರು. ಕೆಲವು ಗುಂಡಿಗಳಲ್ಲಿ ನುಣುಪಿನ ಮೇಲೆ ಎರಡನೆಯ ಸಲದ ಉಳಿಗುರುತು, ಅದರ ಮೇಲೆ ಮತ್ತೆ ನುಣುಪು ಕಾಣಿಸುತ್ತದೆ.